ಆರು ಬಂಗುಡೆಯ ತಲೆ

ಮೀನು ಹಿಡಿಯುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ನಾನು ರಾನ್‌ಗೆ ಹೇಳಿದ್ದೆ. ಸಮುದ್ರದ ಪಕ್ಕದಲ್ಲಿ ಹುಟ್ಟಿದವನು ಎಂಬುದಷ್ಟೇ ಅದರಲ್ಲಿ ನಿಜ. ಊರಿನಲ್ಲಿ ನಾನು ಮೀನು ಹಿಡಿದದ್ದು ಒಂದೇ ಜಾಗದಲ್ಲಿ, ಮನೆಯ ಮೆಟ್ಟಿಲ ಮೇಲೆ, ಮೀನು ಮಾರಲು ಬರುವ ಗಿರಿಜಕ್ಕನ ಬುಟ್ಟಿಯಿಂದ. ಅದರಲ್ಲೂ ಹಾಳಾದದ್ದನ್ನೇ ಆರಿಸಿ ಹಿಡಿಯುತ್ತೇನೆ ಎಂದು ಅಮ್ಮ ಬೈಯುತ್ತಿದ್ದರು.

ರಾನ್ ಎಂದರೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಮ್ಮ ಪಕ್ಕದ ಮನೆಯವರು. ಬಸ್ ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಮಾತಿಗೊಂದು ‘ಲವ್’ ಸೇರಿಸುತ್ತಾರೆ. ಈ ಊರಲ್ಲಿ ಗಂಡಸರು ಗಂಡಸರಿಗೂ ಹಾಗೇ ಅನ್ನುವುದು. ಗೊತ್ತಾಗುವವರೆಗೆ, ಮೊದಲ ಆರು ತಿಂಗಳು, ನಾನು ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದೆ.

ಎಲೆ ಉದುರುವ ಕಾಲ ಬಂತೆಂದರೆ ರಾನ್ ಭಾನುವಾರಗಳಲ್ಲಿ ಊರಾಚೆಯ ಒಂದು ಕೆರೆಗೆ ಪೈಕ್ ಹಿಡಿಯಲು ಹೋಗುತ್ತಾರೆ. ಪೈಕ್ ಇಲ್ಲಿಯ ಸಿಹಿನೀರಿನ ದೊಡ್ಡ ಮೀನು. ಮೊಸಳೆಯ ತಂಗಿಯಂಥ ಮೂತಿ, ಮೂತಿ ತುಂಬ ಹಲ್ಲು. ಅದನ್ನು ಹಿಡಿದು, ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಟ್ಟುಬಿಡುತ್ತಾರೆ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

“ನೀನೂ ಬಾ ಲವ್. ನಿನಗೆ ಹೇಳಿಕೊಡುವುದು ಏನೂ ಇರಲಿಕ್ಕಿಲ್ಲ,” ಎಂದರು ರಾನ್. “ಗಾಳಕ್ಕೆ ಸಿಕ್ಕಿಸಲು ಸತ್ತ ಬಂಗುಡೆ ತಂದರೆ ಸಾಕು. ಕೋಲು ನಾನು ಕೊಡುತ್ತೇನೆ.”

ನಾನು ತಲೆಯಾಡಿಸಿದೆ. ನನ್ನ ಜೀವನದ ಎಲ್ಲ ಅನಾಹುತಗಳೂ ಹೀಗೆ ತಲೆಯಾಡಿಸುವುದರಿಂದಲೇ ಶುರುವಾಗಿವೆ. ಎಂಟನೇ ಕ್ಲಾಸಿನಲ್ಲಿ ಲೆಕ್ಕ ಅರ್ಥವಾಯಿತೇ ಎಂದು ಮೇಷ್ಟ್ರು ಕೇಳಿದಾಗಲೂ ತಲೆಯಾಡಿಸಿದ್ದೆ. ಒಂಬತ್ತನೇ ಕ್ಲಾಸನ್ನು ನಾನು ನೋಡಲಿಲ್ಲ.

ಇನ್ನು ಅಕ್ಕನ ವಿಷಯ ಹೇಳಬೇಕು. ಅಕ್ಕ ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡು, ಮನೆಯಲ್ಲಿಟ್ಟುಕೊಂಡು, ಒಂದು ದೋಸೆ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿಸಿದವಳು ಅವಳೇ. ಭಾವ ಮೈಸೂರಿನವರು, ಕಂಪ್ಯೂಟರ್ ಕೆಲಸ, ಮೊಟ್ಟೆಯನ್ನೂ ಮುಟ್ಟದವರು. ಅಪ್ಪನಿಗೆ ಈ ಮದುವೆಯಲ್ಲಿ ಇದ್ದ ತಕರಾರು ಜಾತಿಯದ್ದಲ್ಲ. “ಮೀನು ತಿನ್ನದವನ ಜೊತೆ ಮಾತಾಡುವುದಾದರೂ ಏನನ್ನು?” ಎಂಬುದು ಅವರ ಚಿಂತೆ. ಆದರೂ ಮದುವೆಗೆ ಬಂದರು. ಊಟಕ್ಕೆ ಕೂರುವ ಮುಂಚೆ ಕರೆದು, ಮೀನು ಉಂಟೋ ಎಂದು ನನ್ನನ್ನು ಕೇಳಿದರು. ನನಗಾಗ ಹದಿನಾರು. ಎಲ್ಲರನ್ನೂ ಖುಷಿಯಾಗಿಡುವ ಹುಡುಗ.

“ನಿಮಗೆ ಅಂತಲೇ ಹಿಂದುಗಡೆ ಹುರಿಯುತ್ತಾ ಇದ್ದಾರೆ,” ಎಂದೆ.

ಅಪ್ಪ ಒಂದು ಗಂಟೆ ಕಾದರು. ಆಮೇಲೆ ತಾವೇ ಹಿಂದುಗಡೆ ಹೋಗಿ, ಪಾಯಸದ ಹಂಡೆಗಳನ್ನೆಲ್ಲ ಒಂದೊಂದಾಗಿ ನೋಡಿ, ಉಣ್ಣದೆ ಹೊರಟುಹೋದರು. ಅಂದಿನಿಂದ ಅಕ್ಕನ ಕೈಯ ಒಂದು ತುತ್ತನ್ನೂ ಮುಟ್ಟಲಿಲ್ಲ. ಅವಳು ರಜೆಗೆ ಬಂದು ಏನೇ ಮಾಡಿ ಬಡಿಸಲಿ, “ನನಗೆ ಹೊಟ್ಟೆ ತುಂಬಿದೆ” ಎನ್ನುವರು. ಹನ್ನೆರಡು ವರ್ಷ ಅವರ ಹೊಟ್ಟೆ ತುಂಬಿಯೇ ಇತ್ತು. ತನ್ನ ಮದುವೆಯ ಸಿಟ್ಟು ಎಂದು ಅಕ್ಕ ತಿಳಿದಿದ್ದಳು. ಮೀನಿನ ಆಸೆ ತೋರಿಸಿ ಕಾಯಿಸಿದ್ದು ಅಕ್ಕನೇ ಎಂದು ಅಪ್ಪ ತಿಳಿದಿದ್ದರು. ನಾನು ಹೇಳಿದ ಸುಳ್ಳು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡರು.

ನಮ್ಮ ಕಡೆ ಸತ್ತವರಿಗೂ ವರ್ಷಕ್ಕೊಮ್ಮೆ, ದೀಪಾವಳಿಯ ಅಮಾವಾಸ್ಯೆಗೆ, ಎಲೆ ಹಾಕಿ ಬಡಿಸುತ್ತೇವೆ. ಕುಲೆಗೆ ಬಡಿಸುವುದು ಎನ್ನುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಿ, ಕೋಣೆಯ ಬಾಗಿಲು ಮುಚ್ಚಿ, ಉಣ್ಣುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ತೆರೆಯಬೇಕು. ಅನ್ನ ಒಂಚೂರು ಕದಲಿದ್ದರೆ, ಮೀನು ಸ್ವಲ್ಪ ಸರಿದಿದ್ದರೆ, ಉಂಡರು ಎಂದು ಅರ್ಥ. ಅಪ್ಪ ತೀರಿಕೊಂಡ ವರ್ಷ ಆ ಅಮಾವಾಸ್ಯೆ ರಾನ್ ಕರೆದಿದ್ದ ಭಾನುವಾರವೇ ಬಂದಿತ್ತು. ಅಪ್ಪನಿಗೆ ಅಕ್ಕ ಹೀಗೆ ಬಡಿಸುವುದು ಅದೇ ಮೊದಲು. ಮಲಯಾಳಿ ಅಂಗಡಿಯಲ್ಲಿ ಹೇಳಿಟ್ಟು, ನಮ್ಮ ಕಡಲಿನದೇ ಬಂಗುಡೆ ಆರು ತರಿಸಿದಳು. ಶನಿವಾರ ಸಂಜೆ ತಾನೇ ತೊಳೆದು, ಮಸಾಲೆ ಅರೆದು, ಹಚ್ಚಿ, ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಟ್ಟಳು.

“ಬದುಕಿದ್ದಾಗ ತಿನ್ನಲಿಲ್ಲ. ಈಗಲಾದರೂ ತಿನ್ನುತ್ತಾರಾ ನೋಡುವಾ,” ಎಂದಳು. ನಕ್ಕಳು, ಆದರೆ ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿದಳು.

ಭಾನುವಾರ ಬೆಳಿಗ್ಗೆ ಅವಳು ಡ್ಯೂಟಿಗೆ ಹೋದಳು. ಎಂಟು ಗಂಟೆಗೆ ರಾನ್ ಹೊರಗೆ ಹಾರ್ನ್ ಹೊಡೆದರು. ನಾನು ಬಂಗುಡೆ ಕೊಂಡಿರಲಿಲ್ಲ. ಮರೆತಿದ್ದೆ. ಹಾಗೆಂದು ಹೇಳಬಹುದಿತ್ತು. ಹೇಳುವ ಬದಲು ಫ್ರಿಜ್ಜು ತೆಗೆದೆ. ಒಂದೇ ಒಂದು ತೆಗೆದುಕೊಳ್ಳೋಣ, ಐದು ಉಳಿಯುತ್ತವೆ ಎಂದುಕೊಂಡೆ. ಮಸಾಲೆಯಲ್ಲಿ ಒಂದಕ್ಕೊಂದು ಅಂಟಿದ್ದವು. ಹಾರ್ನ್ ಮತ್ತೆ ಕೂಗಿತು. ಡಬ್ಬಿಯನ್ನೇ ಎತ್ತಿಕೊಂಡು ಓಡಿದೆ.

ಆ ಕೆರೆ ಒಂದು ಕಾಲದಲ್ಲಿ ಕಲ್ಲುಕೋರೆ. ಮೂರು ಕಡೆ ಕಡಿದ ಕಪ್ಪು ಬಂಡೆ, ನಡುವೆ ಎಷ್ಟು ಆಳವೋ ಯಾರಿಗೂ ತಿಳಿಯದ ನೀರು. ಆಚೆ ದಡ ಮಂಜಿನಲ್ಲಿ ಇರಲೇ ಇಲ್ಲ. ಎಲೆ ಉದುರುವ ಸದ್ದು ಕೇಳುತ್ತಿತ್ತು, ಉದುರುವ ಎಲೆ ಕಾಣುತ್ತಿರಲಿಲ್ಲ. ಹಕ್ಕಿಯ ದನಿ ಇಲ್ಲ, ಗಾಳಿ ಇಲ್ಲ. ಮಾತಾಡಿದರೆ ಬಂಡೆಗಳು ಆ ಮಾತನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ತಗ್ಗಿದ ದನಿಯಲ್ಲಿ ವಾಪಸು ಕೊಡುತ್ತಿದ್ದವು.

ರಾನ್ ಡಬ್ಬಿಯ ಮೇಲೆ ಬಗ್ಗಿ ಮೂಸಿದರು. “ಇದು ನನ್ನ ಊಟಕ್ಕಿಂತ ಚೆನ್ನಾಗಿದೆಯಲ್ಲ ಲವ್.”

“ನಮ್ಮ ಕಡೆ ಹೀಗೇ,” ಎಂದೆ.

“ಬಾಲಕ್ಕೆ ಸಿಕ್ಕಿಸು.”

“ನಮ್ಮ ಕಡೆ ತಲೆಗೇ,” ಎಂದೆ. ನಮ್ಮ ಕಡೆ ಎಂಬುದು ಆ ಕ್ಷಣ ಹುಟ್ಟಿದ ಒಂದು ಹೊಸ ಕಡೆ.

ಗಾಳದ ದಾರಕ್ಕೆ ಕಟ್ಟಿದ್ದ ಕೆಂಪು ಬೆಂಡು ನೀರಿನ ಮೇಲೆ ಹಣೆಯ ಬೊಟ್ಟಿನ ಹಾಗೆ ನಿಂತಿತು. ಹತ್ತು ನಿಮಿಷವಾಗಿರಬಹುದು. ಒಂದು ಅಲೆಯೂ ಏಳದೆ, ಬೆಂಡು ತಾನಾಗಿ ಎಡಕ್ಕೆ ನಡೆಯತೊಡಗಿತು. ಮುಳುಗಲಿಲ್ಲ, ಅವಸರ ಮಾಡಲಿಲ್ಲ, ಸುಮ್ಮನೆ ನಡೆಯಿತು. ಆಮೇಲೆ ನಿಂತಿತು. ಎಳೆದೆ. ಗಾಳದಲ್ಲಿ ಬಂಗುಡೆಯ ತಲೆ ಮಾತ್ರ ಇತ್ತು. ಕಿವಿರಿನ ಹಿಂದೆ ಗೆರೆ ಎಳೆದು ಕತ್ತರಿಸಿದಂತೆ ಮೈ ಮಾಯ.

“ಕ್ರೇಫಿಶ್,” ಎಂದರು ರಾನ್. “ತಳದಲ್ಲಿ ಇರುತ್ತವೆ. ಸಿಗಡಿಯಂಥ ಪ್ರಾಣಿ, ಏಡಿಯಂಥ ಕೈ. ಎಲ್ಲ ಕಿತ್ತು ತಿನ್ನುತ್ತವೆ.”

ಹತ್ತು ಹೆಜ್ಜೆ ಆಚೆ ಅವರದೇ ಬಂಗುಡೆ ನೀರಿನಲ್ಲಿತ್ತು. ಅದನ್ನು ಯಾವ ಕ್ರೇಫಿಶ್ಶೂ ಮೂಸಿರಲಿಲ್ಲ.

ಎರಡನೆಯದನ್ನು ಹಾಕಿದೆ. ಬೆಂಡು ನಡೆಯಿತು, ನಿಂತಿತು. ತಲೆ ವಾಪಸು ಬಂತು. ಉಳಿದದ್ದು ನಾಲ್ಕು, ಎಲೆಗೆ ಸಾಕು ಎಂದು ಲೆಕ್ಕ ಹಾಕಿದೆ. ಆದರೆ ಸಮುದ್ರದ ಮಗನ ಮಾನದ ಪ್ರಶ್ನೆ, ಮೂರನೆಯದನ್ನೂ ಹಾಕಿದೆ. ತಲೆ. ಈಗ ಮೂರು ಉಳಿಯಿತು. ಮೂರು ಬಡಿಸಬಾರದು ಎನ್ನುತ್ತಾರೆ. ಎರಡು ಉಳಿಸುವುದೇ ಶಾಸ್ತ್ರ ಎಂದು ನಾಲ್ಕನೆಯದನ್ನು ಹಾಕಿದೆ.

ಬೆಂಡು ನಿಂತಾಗ ಮಂಜಿನೊಳಗಿಂದ ಯಾರೋ ಗಂಟಲು ಸರಿಮಾಡಿಕೊಂಡರು. “ಹ್ಞುಂ. ಹ್ಞುಂ.” ಎರಡು ಸಲ.

ಅಪ್ಪ ಎಲೆಯ ಮುಂದೆ ಕೂತು ಮೊದಲ ತುತ್ತಿಗೆ ಮುಂಚೆ ಹೀಗೆಯೇ ಮಾಡುತ್ತಿದ್ದರು.

“ಯಾರದು?” ಎಂದೆ.

“ಬಕ,” ಎಂದರು ರಾನ್. ಸ್ವಲ್ಪ ಹೊತ್ತಾದ ಮೇಲೆ, “ಬಕವೇ ಇರಬೇಕು,” ಎಂದರು. ಆಮೇಲೆ ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

ನಾಲ್ಕನೆಯ ತಲೆ ಬಂತು. ಅದನ್ನು ಡಬ್ಬಿಯಲ್ಲಿ ಉಳಿದವುಗಳ ಪಕ್ಕ ಇಡುವಾಗ ನನಗೆ ನೆನಪಾದದ್ದು: ಅಪ್ಪ ಬಂಗುಡೆಯ ತಲೆ ತಿನ್ನುತ್ತಿರಲಿಲ್ಲ. ಮೈಯೆಲ್ಲ ತಿಂದು, ತಲೆಗಳನ್ನು ಎಲೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಯೋಚಿಸಿದೆ: ಎರಡು ಬಂಗುಡೆ ಅಪ್ಪನಿಗೆ ಯಾವತ್ತೂ ಸಾಲುತ್ತಿರಲಿಲ್ಲ, ಹಾಗಾಗಿ ಎರಡಿದ್ದೂ ಒಂದೇ, ಒಂದಿದ್ದೂ ಒಂದೇ. ಐದನೆಯದು ಹೋಯಿತು. ಒಂದೇ ಒಂದನ್ನು ಮನೆಗೆ ಒಯ್ದರೆ ಐದು ಎಲ್ಲಿ ಎಂದು ಅಕ್ಕ ಕೇಳುತ್ತಾಳೆ. ಒಂದೂ ಇಲ್ಲದಿದ್ದರೆ ಹೇಗಾದರೂ ಸಂಭಾಳಿಸಬಹುದು. ಆರನೆಯದೂ ಹೋಯಿತು.

ಆರನೆಯ ತಲೆಯನ್ನು ಎಳೆಯುವಾಗ ಅದರ ಹಿಂದೆ ಒಂದು ನೆರಳು ಬಂತು. ದಡದಿಂದ ಮೂರಡಿಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತಿತು. ಹಸಿರು ಮೈ, ಬಿಳಿ ಚುಕ್ಕೆ, ನನ್ನ ಕಾಲಿನಷ್ಟು ಉದ್ದ. ಕೆಳದವಡೆ ಮುಂದಕ್ಕೆ ಚಾಚಿತ್ತು, ಹಲ್ಲುಸೆಟ್ಟು ತೆಗೆದಿಟ್ಟ ಅಪ್ಪನ ಹಾಗೆ. ಒಂದು ಹಳದಿ ಕಣ್ಣು ನನ್ನನ್ನು ನೋಡಿತು. ರೆಪ್ಪೆ ಬಡಿಯಲಿಲ್ಲ. ಮೀನಿಗೆ ರೆಪ್ಪೆ ಇಲ್ಲ ಎಂಬುದು ನನಗೆ ಗೊತ್ತು, ಆದರೂ ಬಡಿಯಲಿಲ್ಲ ಎಂದೇ ಅನ್ನಿಸಿತು. ಮದುವೆಯ ದಿನ ಹಂಡೆಗಳನ್ನೆಲ್ಲ ನೋಡಿ ಮುಗಿಸಿ ನನ್ನ ಕಡೆ ತಿರುಗಿದಾಗ ಅಪ್ಪ ನೋಡಿದ ನೋಟ ಅದು. ಆಮೇಲೆ ಅದು ನಿಧಾನವಾಗಿ ಮೈ ತಿರುಗಿಸಿ ಆಳಕ್ಕೆ ಹೋಯಿತು.

ನಾನು ಕೆಸರಿನಲ್ಲಿ ಕೂತಿದ್ದೆ. ಯಾವಾಗ ಕೂತೆನೋ ತಿಳಿಯದು.

“ಅದನ್ನು ನಾನು ಒಂಬತ್ತು ವರ್ಷದಿಂದ ಹುಡುಕುತ್ತಿದ್ದೇನೆ,” ಎಂದರು ರಾನ್ ಮೆಲ್ಲಗೆ. “ನೀನು ಅದಕ್ಕೆ ಊಟ ಹಾಕಿ ಕಳಿಸಿದೆ.”

ಬಟ್ಟೆ ಹಿಂಡಿಕೊಂಡು ಹೊರಟಾಗ ಮೂರೂವರೆ. ಸೂಪರ್ ಮಾರ್ಕೆಟ್ ಭಾನುವಾರ ನಾಲ್ಕಕ್ಕೆ ಮುಚ್ಚುತ್ತದೆ. ನಾವು ಬಾಗಿಲಿಗೆ ಮುಟ್ಟಿದ್ದು ನಾಲ್ಕು ಗಂಟೆ ಎರಡು ನಿಮಿಷಕ್ಕೆ. ಒಳಗಿದ್ದ ಹುಡುಗಿ ಗಾಜಿನಾಚೆಯಿಂದ ಕೈ ಬೀಸಿದಳು. ಉಳಿದದ್ದು ಮೂಲೆಯ ಫಿಶ್ ಅಂಡ್ ಚಿಪ್ಸ್ ಅಂಗಡಿ. ಅಲ್ಲಿ ಹಿಟ್ಟಿನಲ್ಲಿ ಕರಿದ ಹ್ಯಾಡಕ್ ಮೀನು ಕೊಂಡೆ. ಮನೆಗೆ ಬಂದು ಹಿಟ್ಟಿನ ಅಂಗಿ ಸುಲಿದು, ಬಂಗುಡೆಯ ಆಕಾರಕ್ಕೆ ಕತ್ತರಿಸಿ, ಮೆಣಸಿನಪುಡಿ, ರವೆ ಮೆತ್ತಿ ಮತ್ತೊಮ್ಮೆ ಹುರಿದೆ. ಬಂಗುಡೆಯ ವೇಷ ಹಾಕಿದ ಆರು ಹ್ಯಾಡಕ್ ತುಂಡುಗಳು ತಟ್ಟೆಯಲ್ಲಿ ತಲೆತಗ್ಗಿಸಿ ಮಲಗಿದವು. ತಗ್ಗಿಸಲು ತಲೆ ಇರಲಿಲ್ಲ ಅಷ್ಟೆ.

ಐದಕ್ಕೆ ಅಕ್ಕ ಬಂದಳು.

“ನಾನೇ ಹುರಿಯಬೇಕು ಅಂತಿದ್ದೆ, ಮಾರಾಯ.”

“ಸುಸ್ತಾಗಿ ಬರುತ್ತೀಯಲ್ಲ ಅಂತ...”

“ತಲೆ ಎಲ್ಲಿ?”

“ಅಪ್ಪ ತಲೆ ತಿನ್ನುತ್ತಿರಲಿಲ್ಲವಲ್ಲ. ತೆಗೆದೆ.”

“ಬಾಲ?”

“ಭಾರಿ ಕರಟಿಹೋಯಿತು.”

ಅಷ್ಟರಲ್ಲಿ ಭಾವ ಅಡುಗೆಮನೆಗೆ ಬಂದು ಮೂಗು ಎತ್ತಿದರು. “ಬಂಗುಡೆ ಹುರಿದ ದಿನ ನಾನು ಕಾರಿನಲ್ಲಿ ಹೋಗಿ ಕೂತ್ಕೋತೀನಿ. ಇವತ್ತೇನಪ್ಪಾ, ವಾಸನೇನೇ ಇಲ್ಲ?” ಇಡೀ ಮನೆಯಲ್ಲಿ ಮೀನು ಗುರುತಿಸಬಲ್ಲವರು ಮೀನು ತಿನ್ನದ ಅವರೊಬ್ಬರೇ. ನಾನು ಕಿಟಕಿ ತೆರೆದಿಟ್ಟಿದ್ದೆ ಎಂದೆ.

ಮೇಲಿನ ಚಿಕ್ಕ ಕೋಣೆಯಲ್ಲಿ ದೀಪ ಹಚ್ಚಿ, ಬಾಳೆಲೆ ಹಾಕಿ, ಕುಚ್ಚಲಕ್ಕಿ ಅನ್ನ, ಮೀನು, ಒಂದು ಲೋಟ ನೀರು ಇಟ್ಟು ಅಕ್ಕ ಬಾಗಿಲು ಮುಚ್ಚಿದಳು. ನಾವು ಮೂವರೂ ಮೆಟ್ಟಿಲ ಮೇಲೆ ಕೂತೆವು. ಒಳಗೆ ಸದ್ದಿಲ್ಲ. ಒಮ್ಮೆ ಹೀಟರಿನ ಕೊಳವೆ ಟಕ್ ಎಂದಿತು, ಭಾವ ನನ್ನ ತೋಳು ಹಿಡಿದುಕೊಂಡರು. ಅಕ್ಕ ಕೆಮ್ಮಿ ಬಾಗಿಲು ತೆರೆದಳು.

ಅನ್ನದ ಒಂದು ಅಗುಳೂ ಕದಲಿರಲಿಲ್ಲ. ಮೀನು ಇಟ್ಟಲ್ಲೇ ಇತ್ತು. ನೀರು ಲೋಟದ ಅಂಚಿಗೆ ಸರಿಯಾಗಿ ನಿಂತಿತ್ತು.

ಅಕ್ಕ ಹೊಸ್ತಿಲ ಮೇಲೆ ಕುಸಿದು ಕೂತಳು. “ಸತ್ತ ಮೇಲೂ ನನ್ನ ಕೈಯಿಂದ ಬೇಡವಾ ಇವರಿಗೆ?” ಎಂದಳು. ಅಳಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರ ಹತ್ತಿರ ಮಾತಾಡುವ ದನಿಯಲ್ಲಿ ತನಗೆ ತಾನೇ ಹೇಳಿಕೊಂಡಳು.

ಆ ದನಿ ಕೇಳಿ ನನ್ನ ಬಾಯಿ ತಾನಾಗಿ ತೆರೆಯಿತು. ಹ್ಯಾಡಕ್ ಹೇಳಿದೆ, ಚಿಪ್ಸ್ ಅಂಗಡಿ ಹೇಳಿದೆ, ಕೆರೆ ಹೇಳಿದೆ. ನಿಲ್ಲಿಸಲಾಗದೆ ಇನ್ನೂ ಹಿಂದಕ್ಕೆ ಹೋಗಿ ಮದುವೆಯ ಮನೆಯನ್ನೂ ಹೇಳಿದೆ. “ಅಪ್ಪ ಸಿಟ್ಟಾದದ್ದು ನಿನ್ನ ಮದುವೆಗೆ ಅಲ್ಲ ಅಕ್ಕ. ಹುರಿಯುತ್ತಾ ಇದ್ದಾರೆ ಅಂತ ನಾನು ಹೇಳಿದ್ದು. ಒಂದು ಗಂಟೆ ಕಾದರು.”

ಭಾವ ಗೋಡೆ ನೋಡುತ್ತಿದ್ದರು. ಅಕ್ಕ ನನ್ನನ್ನು ನೋಡುತ್ತಿದ್ದಳು. ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು.

“ಡಬ್ಬಿ ತಾ,” ಎಂದಳು.

ತಂದೆ. ಮುಚ್ಚಳ ತೆಗೆದಳು. ಆರು ತಲೆ ಸಾಲಾಗಿ ಇದ್ದವು, ಮೂತಿಯೆಲ್ಲ ಒಂದೇ ಕಡೆಗೆ. ಹಾಗೆ ಜೋಡಿಸಿದ ನೆನಪು ನನಗಿಲ್ಲ.

“ಆರೂ?”

“ಆರೂ.”

“ಎಷ್ಟು ಹೊತ್ತಿನಲ್ಲಿ?”

“ನಿಧಾನವಾಗಿ. ಅವಸರವೇ ಮಾಡಲಿಲ್ಲ. ನಡುವೆ ಗಂಟಲು ಕೂಡ...” ಎಂದು ನಾನು ನಿಲ್ಲಿಸಿದೆ.

“ಅದು ಕ್ರೇಫಿಶ್ ಇರಬೇಕು,” ಎಂದು ಭಾವ ಶುರುಮಾಡಿದರು. ಅಕ್ಕ ಅವರ ಕಡೆ ತಿರುಗಿದಳು. ಅವರು ಕಾರಿನಲ್ಲಿ ಕೂತ್ಕೋತೀನಿ ಎಂದು ಎದ್ದುಹೋದರು.

ಅಕ್ಕ ತುಂಬ ಹೊತ್ತು ತಲೆಗಳನ್ನು ನೋಡಿದಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಎರಡೂ ಇರಬಹುದು.

“ಹಾಗಾದರೆ ಇಲ್ಲಿಗೆ ಬರುವಾಗ ಹೊಟ್ಟೆ ತುಂಬಿತ್ತು,” ಎಂದಳು. “ಈ ಸಲ ನಿಜವಾಗಿಯೂ ತುಂಬಿತ್ತು.”

ಮದುವೆಯ ದಿನ ನಾನು ಹೇಳಿದ ಸುಳ್ಳಿಗೆ ಶಿಕ್ಷೆ ಬೇರೆ ಆಯಿತು. ಎರಡು ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಫ್ರಿಜ್ಜಿನ ಮೇಲೆ ಚೀಟಿ ಬರೆದು ಅಂಟಿಸಿದಳು. ಆ ಆರು ಹ್ಯಾಡಕ್ ತುಂಡುಗಳನ್ನೂ ನಾನೊಬ್ಬನೇ ತಿನ್ನಬೇಕು ಎಂಬುದು ಮೊದಲನೆಯ ಚೀಟಿ.

ಮರುವರ್ಷದ ದೀಪಾವಳಿಗೆ ಅವಳು ಹನ್ನೆರಡು ಬಂಗುಡೆಗೆ ಮಸಾಲೆ ಹಚ್ಚಿದಳು. ಆರು ಎಲೆಗೆ, ಆರು ಕೆರೆಗೆ. ನನ್ನ ಕೈಗೆ ಡಬ್ಬಿ ಮಾತ್ರ ಕೊಟ್ಟಳು. ಗಾಳ ಕೂಡದು ಎಂದು ಆಜ್ಞೆ. ನಾನು ದಡದಲ್ಲಿ ಮೊಣಕಾಲೂರಿ, ಬರೀ ದಾರಕ್ಕೆ ಕಟ್ಟಿ ಒಂದೊಂದಾಗಿ ಇಳಿಸಿದೆ. ವರ್ಷವೆಲ್ಲ ಹೋಟೆಲಿನಲ್ಲಿ ಬಡಿಸುವುದು, ದೀಪಾವಳಿಗೆ ಕೆರೆಯಲ್ಲಿ. ರಾನ್ ದೂರ ನಿಂತು ಟೋಪಿ ತೆಗೆದುಕೊಂಡರು. ಚಳಿಗೆ ಕಿವಿ ಕೆಂಪಾದರೂ ಹಾಕಿಕೊಳ್ಳಲಿಲ್ಲ.

ಆರು ತಲೆಗಳೂ ವಾಪಸು ಬಂದವು.

ಅದು ಅಪ್ಪನೋ, ಪೈಕೋ, ಕ್ರೇಫಿಶ್ಶೋ ನನಗೆ ಗೊತ್ತಿಲ್ಲ. ಎಂಟನೇ ಕ್ಲಾಸಿನವನಿಗೆ ಅಷ್ಟೆಲ್ಲ ತಿಳಿಯುವುದಿಲ್ಲ. ಮೂವರಲ್ಲಿ ಒಬ್ಬರೂ ನನ್ನನ್ನು ಮೀನುಗಾರ ಎಂದು ಒಪ್ಪಿಲ್ಲ ಎಂಬುದೊಂದೇ ಗೊತ್ತು.