ಮೀನು ಸಿಗದ ಕೋಳಿಗಳ ಪಂಕ್ತಿ

ಬಡಿಸುವ ಕೈಗೆ ಒಂದು ರೋಗವುಂಟು. ಎಲೆ ಹಾಕಿ ಕೂತವರಲ್ಲಿ ಒಬ್ಬರಿಗೆ ಬಡಿಸಿ ಪಕ್ಕದವರನ್ನು ದಾಟಿಹೋಗಲು ಅದಕ್ಕೆ ತಿಳಿಯುವುದಿಲ್ಲ. ಪಂಕ್ತಿಭೇದ ಮಾಡಿದವರ ಗತಿಯೇನೆಂದು ನಮ್ಮಜ್ಜಿ ಹೇಳುತ್ತಿದ್ದುದನ್ನು ಕೇಳಿದವರು ಖಾಲಿ ಎಲೆ ಕಂಡರೂ ಅದಕ್ಕೊಂದು ಸೌಟು ಸಾರು ಹೊಯ್ದಾರು. ನಾನು ಓದಿದ್ದು ಮೂರನೆಯ ಕ್ಲಾಸು; ಉಳಿದ ವಿದ್ಯೆಯೆಲ್ಲ ಬಡಿಸುತ್ತ ಕಲಿತದ್ದು. ಆ ವಿದ್ಯೆಯಿಂದಲೇ ನನ್ನ ತಮ್ಮನ ಮೊದಲ ಪ್ರಯೋಗವನ್ನು ಹಾಳುಮಾಡಿದೆ.

ಸುಂದರ ಗ್ರಾಮಸೇವಕನ ತರಬೇತಿ ಮುಗಿಸಿ ಪಾಣೆಮಂಗಳೂರಿನ ಮನೆಗೆ ಬಂದಿದ್ದ. ತೌಡಿನ ಜೊತೆ ಒಣ ಬೂತಾಯಿ ಮೀನಿನ ಪುಡಿ ಕೊಟ್ಟರೆ ಹೇಂಟೆಗಳು ಹೆಚ್ಚು ಮೊಟ್ಟೆ ಇಡುತ್ತವೆಂದು ಅವನ ಗುಮಾನಿ. ಹೌದೆಂದು ತೋರಿಸಿದರೆ ಊರೂರಿಗೆ ಹೇಳಿಸುತ್ತೇನೆಂದು ಬೆಳ್ತಂಗಡಿಯ ಅವನ ಸಾಹೇಬರು ಮಾತು ಕೊಟ್ಟಿದ್ದರು. "ತೋರಿಸಲಿಕ್ಕೆ ಎಂತ ಉಂಟು? ಎಲ್ಲದಕ್ಕೂ ಹಾಕಿ ನೋಡುವ" ಎಂದೆ. "ಆಗ ಮೊಟ್ಟೆ ಹೆಚ್ಚಾದದ್ದು ಮೀನಿನಿಂದಲೋ ಮಳೆ ಬಿಟ್ಟದ್ದರಿಂದಲೋ, ಗೊತ್ತಾಗುವುದು ಹೇಗೆ ಮಾರಾಯ್ತಿ? ಹೋಲಿಸಿ ನೋಡ್ಲಿಕ್ಕೆ ಮೀನು ತಿನ್ನದವೂ ಬೇಕು" ಎಂದ.

ಎರಡು ಗೂಡು ಕಟ್ಟಿ, ಯಾವ ಕೋಳಿ ಯಾವ ಗೂಡಿಗೆಂದು ಚೀಟಿ ಎತ್ತಲು ಕೂತ. ನನಗೆ ನಗು ತಡೆಯಲಿಲ್ಲ. "ಕೋಳಿಗೆ ಎಂತ ಚೀಟಿ? ಆ ಕಪ್ಪು ಹೇಂಟೆ ಗಟ್ಟಿ ಉಂಟು, ಮೀನಿನ ಗೂಡಿಗೆ ಹಾಕು."

"ಅದಕ್ಕೇ ಅಕ್ಕ ಚೀಟಿ. ನಾನು ಆರಿಸಿದರೆ ಗಟ್ಟಿಯವೆಲ್ಲ ನನಗೆ ಬೇಕಾದ ಕಡೆಗೇ ಹೋಗ್ತವೆ. ನನ್ನ ಕೈಯನ್ನು ನಾನೇ ನಂಬುವುದಿಲ್ಲ."

ಕಣ್ಣಾರೆ ಕಂಡದ್ದೆಂದು ಎದೆ ತಟ್ಟಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೆ. ತನ್ನ ಕೈಯ ಮೇಲೆ ತಾನೇ ಸಂಶಯಪಟ್ಟವನು ನಮ್ಮ ವಂಶದಲ್ಲಿ ಇವನೇ ಮೊದಲು.

ಅವನು ಸೈಕಲ್ಲಿನಲ್ಲಿ ಊರು ಸುತ್ತುವವನು. ಬಡಿಸುವ ಕೆಲಸ ನನಗೆ ಬಂತು. ಕಪ್ಪು ಹೇಂಟೆ ಚೀಟಿಯಲ್ಲಿ ಬರೀ ತೌಡಿನ ಗೂಡಿಗೆ ಬಿದ್ದಿತ್ತು. ಆಚೆ ಗೂಡಿನಿಂದ ಮೀನಿನ ವಾಸನೆ ಬಂದದ್ದೇ ಕತ್ತು ಹೊರಹಾಕಿ, ಮದುವೆಮನೆಯಲ್ಲಿ ಪಾಯಸ ಸಿಗದ ಭಾವನ ಹಾಗೆ ನನ್ನನ್ನೇ ನೋಡುತ್ತಿತ್ತು. ಒಂದು ಚಿಟಿಕೆ ಹಾಕಿದೆ. ಅದರ ಪಕ್ಕದ್ದು ನೋಡಿತು, ಅದಕ್ಕೂ ಹಾಕಿದೆ. ವಾರ ಕಳೆಯುವುದರಲ್ಲಿ ಎರಡೂ ಗೂಡುಗಳಿಗೆ ಮೀನಿನೂಟ.

ಕೊನೆಗೆ ನೋಡಿದರೆ ಎರಡು ಕಡೆಯೂ ಮೊಟ್ಟೆ ಸರಿಸಮ. "ಮೀನಿನಿಂದ ಏನೂ ಇಲ್ಲ. ನನ್ನ ಎಣಿಕೆ ತಪ್ಪು. ನಾಳೆ ಸಾಹೇಬರಿಗೆ ಹೇಳಿ ಬರ್ತೇನೆ" ಎಂದ ಸುಂದರ. ಅವನ ಮುಖ ಬಾಡಿತ್ತು. ಆದರೆ ವಾದವಿಲ್ಲ, ನೆಪವಿಲ್ಲ. ತನ್ನ ಆಸೆಗಿಂತ ಕೋಳಿಯ ಮೊಟ್ಟೆಯನ್ನು ಹೆಚ್ಚು ನಂಬಿದ್ದ. ಮರುದಿನ ಬಸ್ಸಿನವರೆಗೂ ಅವನ ಹಿಂದೆ ಓಡಿದೆ.

"ಆ ಗೂಡಿಗೂ ನಾನು ಕೊಟ್ಟಿದ್ದೇನೆ ಸುಂದರ."

"ಎಂತ ಕೊಟ್ಟದ್ದು?"

"ಮೀನು."

"ಎಷ್ಟು?"

"ಪಂಕ್ತಿಭೇದ ಆಗದಷ್ಟು."

ಅವನು ತಲೆಗೆ ಕೈ ಕೊಟ್ಟ. ಬಯ್ಯಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಎರಡು ಕಡೆಯೂ ಮೊದಲಿಗಿಂತ ಜಾಸ್ತಿಯೇ ಇಟ್ಟಿವೆಯಲ್ಲ, ಮೀನಿನಿಂದ ಅಂತ ಹೇಳಿಬಿಡು" ಎಂದೆ. "ಇರಬಹುದು, ಇಲ್ಲದಿರಬಹುದು. ಗೊತ್ತಿಲ್ಲ ಅಕ್ಕ" ಎಂದು ಬಸ್ಸು ಹತ್ತಿದ. ಅಷ್ಟು ಓದಿದವನು ಅಷ್ಟು ಸಲೀಸಾಗಿ ಗೊತ್ತಿಲ್ಲ ಎನ್ನಬಹುದೆಂದು ನನಗೆ ಅಂದೇ ತಿಳಿದದ್ದು. ನಾನಂತೂ ದಾರಿ ಗೊತ್ತಿಲ್ಲದ ಊರಿಗೂ ದಾರಿ ಹೇಳುವವಳು.

ಪ್ರಯೋಗ ಕೆಟ್ಟಿತೆಂದು ಸಾಹೇಬರಿಗೆ ಹೇಳಿ, ಹೊಸ ಚೀಟಿಗಳೊಂದಿಗೆ ಮತ್ತೆ ಮೊದಲಿನಿಂದ ಶುರುಮಾಡಿದ. ಮೀನಿನ ಡಬ್ಬಕ್ಕೆ ಬೀಗ ಬಿತ್ತು. ಬೀಗದ ಕೈ ಅವನ ಸೊಂಟಕ್ಕೆ. ಈ ಸಲ ಮೀನಿನ ಗೂಡು ಸಂಶಯವಿಲ್ಲದಂತೆ ಗೆದ್ದಿತು. ಬೀಗ ತೆಗೆದು ಡಬ್ಬವನ್ನು ನನ್ನ ಕೈಗಿತ್ತು, "ಇನ್ನು ಎಲ್ಲದಕ್ಕೂ ಬಡಿಸು" ಎಂದ.

ಅಂದಿನಿಂದ ನನಗೂ ಒಂದು ಯೋಚನೆ ಅಂಟಿತು. ಮನೆಯಲ್ಲಿ ಯಾರಿಗೆ ಶೀತವಾದರೂ ನನ್ನ ಕಾಳುಮೆಣಸಿನ ಕಷಾಯ. ಮೂರ್ನಾಲ್ಕು ದಿನದಲ್ಲಿ ಎದ್ದು ಓಡಾಡುತ್ತಾರೆ. ಬಂಟ್ವಾಳ ಪೇಟೆಯವರೆಗೂ ಅದರ ಹೆಸರುಂಟು. ಆದರೆ ಕುಡಿಯದವರು ಎಷ್ಟು ದಿನಕ್ಕೆ ಏಳುತ್ತಾರೆ? ಕುಡಿಯದೆ ಉಳಿಯಲು ನಾನು ಯಾರನ್ನೂ ಬಿಟ್ಟದ್ದೇ ಇಲ್ಲ. ಮೊನ್ನೆ ಮನೆಮಂದಿಗೆಲ್ಲ ಶೀತವಾದಾಗ, ಅರ್ಧ ಜನರಿಗೆ ಮಾತ್ರ ಕೊಟ್ಟು ನೋಡುವುದೆಂದು ಗಟ್ಟಿ ಮನಸ್ಸು ಮಾಡಿದೆ. ಕೊನೆಗೆ ಎಲ್ಲರ ಲೋಟಕ್ಕೂ ತುಂಬ ಹೊಯ್ದೆ. ಅಯ್ಯೋ ಪಾಪ ಎಂದು ಹೊಯ್ದೆನೆಂದು ನೀವು ತಿಳಿದೀರಿ. ಅಲ್ಲ. ಕುಡಿಯದವರೇ ಮೊದಲು ಎದ್ದುಬಿಟ್ಟರೆ?