ಸಿಕ್ಕಿದ್ದು ಒಂದೇ ಏಡಿ

ಸುಮ್ಮನಿರುವುದು ನನ್ನ ಕೈಗೆ ಗೊತ್ತಿಲ್ಲ. ಯಶವಂತಪುರದ ಮಂಡಿಯಲ್ಲಿ ಮೂವತ್ತು ವರ್ಷ ಈರುಳ್ಳಿ ವ್ಯಾಪಾರ ಮಾಡಿದ ಕೈ ಇದು. ಮೇಲೆ ಚೆಂದದ್ದನ್ನು ಜೋಡಿಸಿ ಅಡಿಯಲ್ಲಿ ಕೊಳೆತದ್ದನ್ನು ತುಂಬುವವರ ನಡುವೆ ಬದುಕಿ, ಯಾವ ಮೂಟೆ ಕಂಡರೂ ಒಳಗೆ ಹೋಗಿ ತಳದ ಸರಕನ್ನು ಹಿಸುಕಿ ನೋಡಿಯೇ ಬರುತ್ತದೆ. ಮದುವೆಮನೆಯಲ್ಲಿ ತಾಂಬೂಲದ ಚೀಲದ ತೆಂಗಿನಕಾಯಿಯನ್ನು ಎಲ್ಲರೆದುರು ಅಲ್ಲಾಡಿಸಿ ನೋಡಿ ಹೆಂಡತಿಯ ಮಾನ ಕಳೆದವನು ನಾನು.

ಅಂಥವನನ್ನು ಕಟ್ಟಿಕೊಂಡು ಸರೋಜ ಹೊನ್ನಾವರಕ್ಕೆ ಹೊರಟಳು. ಚಿಕ್ಕಬಾಣಾವರದ ಕೆರೆಯಲ್ಲಿ ಅಪ್ಪನ ಜೊತೆ ಏಡಿ ಹಿಡಿದು ಬೆಳೆದವಳು. ಸಮುದ್ರದ ಕಡೆಯ ದೊಡ್ಡ ಏಡಿಯನ್ನು ತಾನೇ ಹಿಡಿದು ಸಾರು ಮಾಡಬೇಕೆಂಬುದು ಅವಳ ಬಹುಕಾಲದ ಆಸೆ. "ಈ ಸೀಸನ್ ಮುಗೀಲಿ ತಡಿ" ಎನ್ನುತ್ತಲೇ ನಾನು ಹದಿನೈದು ವರ್ಷ ತಳ್ಳಿದ್ದೆ.

ದೋಣಿಯ ಮಂಜಣ್ಣ ಅಳಿವೆಯ ಬಳಿ, ಮೀನಿನ ತಲೆ ಕಟ್ಟಿದ ಏಡಿ ಬಲೆಗಳನ್ನು ಇಳಿಸಿ ಹಗ್ಗವನ್ನು ಸರೋಜಳ ಕೈಗೇ ಕೊಟ್ಟರು. ನನಗೊಂದು ಗಾಳ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ನನ್ನ ಗಾಳಕ್ಕೆ ಬಿದ್ದದ್ದು ನನ್ನದೇ ಟೋಪಿ. ಅವಳ ಮೂರು ಬಲೆಗಳು ಖಾಲಿ ಬಂದವು. ಕೊನೆಯದರಲ್ಲಿ ಅಂಗೈಗಿಂತ ಅಗಲದ ಏಡಿ! ಚಪ್ಪಾಳೆ ತಟ್ಟಿ ನಕ್ಕಳು. ಮಂಜಣ್ಣ ಅದನ್ನು ಗೋಣಿಚೀಲಕ್ಕೆ ಹಾಕಿ, ಕಾಲು ಕಟ್ಟಲು ದಾರ ಹುಡುಕತೊಡಗಿದರು.

ಚೀಲ ಕಂಡಿತು, ನನ್ನ ಕೈ ಹೋಯಿತು.

ನನ್ನ ಕಿರುಚಾಟ ಆಚೆ ದಡಕ್ಕೂ ಕೇಳಿಸಿತಂತೆ. "ಎಳೀಬೇಡಿ, ಬೆರಳು ಹೋಗ್ತದೆ! ನೀರಲ್ಲಿ ಹಿಡೀರಿ, ಅದೇ ಬಿಡ್ತದೆ," ಎಂದರು ಮಂಜಣ್ಣ. ನೀರಿಗಿಳಿಸಿದರೆ ಏಡಿ ಕೈತಪ್ಪಿ ಹೋದಂತೆಯೇ. ನಾನು ಹಲ್ಲು ಕಚ್ಚಿಕೊಂಡು, "ಬೇಡ ಕಣೇ, ನಿನ್ ಏಡಿ..." ಎಂದೆ.

"ಸುಮ್ನಿರ್ರೀ!" ಎಂದವಳೇ ನನ್ನ ಕೈಯನ್ನು ಏಡಿ ಸಮೇತ ನೀರಿಗೆ ಅದ್ದಿದಳು. ಏಡಿ ಬೆರಳು ಬಿಟ್ಟು ತನ್ನ ದಾರಿ ಹಿಡಿಯಿತು.

ಸಿನಿಮಾದಂತೆ ಸೆರಗನ್ನೇನೂ ಹರಿಯಲಿಲ್ಲ. ನನ್ನ ಕರ್ಚೀಫನ್ನೇ ಬೆರಳಿಗೆ ಸುತ್ತಿದಳು. ಬೈಗುಳಕ್ಕೆ ಕಾದೆ. ಬೈಯಲೂ ಇಲ್ಲ. ಹದಿನೈದು ವರ್ಷ ಕಾದು ಪಡೆದದ್ದನ್ನು ಒಂದು ಕ್ಷಣವೂ ಯೋಚಿಸದೆ ನನ್ನ ಬೆರಳಿಗಾಗಿ ಬಿಟ್ಟವಳು ಅವಳು. ನನಗೆ ಕಣ್ಣು ತುಂಬಿ ಬಂತು. ನೋವಿಗೆ ಎಂದುಕೊಂಡಳು, ಪಾಪ.

ದಡದಲ್ಲಿ ಮಂಜಣ್ಣನ ಹೆಂಡತಿ ಖಾಲಿ ಚೀಲ ನೋಡಿ, "ಎಂತದೂ ಸಿಕ್ಲಿಲ್ವಾ ಅಮ್ಮ?" ಎಂದು ಕೇಳಿದರು.

"ಸಿಕ್ಕಿತ್ತು ಕಣ್ರೀ. ಎರಡ್ರಲ್ಲಿ ಒಂದನ್ನ ಬಿಡ್ಲೇಬೇಕಾಯ್ತು," ಎಂದಳು ಸರೋಜ. "ಒಳ್ಳೇದನ್ನ ಬಿಟ್ಟು ಇವರನ್ನ ಇಟ್ಕೊಂಡೆ."

ಮದುವೆಯಾದಾಗಿನಿಂದ ಅವಳು ನನ್ನ ಬಗ್ಗೆ ಬೇರೆಯವರ ಮುಂದೆ ಆಡಿದ ಅತ್ಯಂತ ಒಳ್ಳೆಯ ಮಾತದು. ಹೆಚ್ಚು ಕೆದಕಲು ಹೋಗಲಿಲ್ಲ.