ಶೋಕಿಲಾಲನ ವ್ಯುತ್ಪತ್ತಿ

ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಾತ್ರಕ್ಕೆ ಮನುಷ್ಯ ಶೋಕಿಲಾಲನಾಗುತ್ತಾನೆಯೇ? ಶಹಾಪುರದ ನಮ್ಮ ಓಣಿಯಲ್ಲಿ ಆಗುತ್ತಾನೆ. ನನ್ನ ಧರ್ಮಪತ್ನಿ ಬಸವೇಶ್ವರಿ ದಿನಾ ಬಾಗಿಲಲ್ಲಿ ನಿಂತು, "ಶೋಕಿಲಾಲರ ಸವಾರಿ ಹೊಂಟಿತು ನೋಡ್ರಿ!" ಎಂದು ಸಾರಿ ಸಾರಿ, ವಿಶ್ವರಾಧ್ಯ ಎಂಬ ನನ್ನ ನಿಜ ನಾಮಧೇಯ ಓಣಿಗೆಲ್ಲ ಮರೆತುಹೋಗಿದೆ. (ಇಸ್ತ್ರಿ ಮಾಡಿಕೊಳ್ಳುವವನೂ ನಾನೇ. ಅದನ್ನು ಮಾತ್ರ ಯಾರೂ ಸಾರುವುದಿಲ್ಲ.)

ಮೊನ್ನೆ ಮಗಳು ಸುನಿತಾಳನ್ನು ನೋಡಲು ಸುರಪುರದಿಂದ ಹುಡುಗನ ತಂದೆ ಜಗದೇವಪ್ಪನವರು ಬಂದರು. ನಮ್ಮ ಕಡೆ ಬೀಗರಾಗುವವರು ನೇರ ಮನೆಗೆ ಬರುವುದಿಲ್ಲ. ಮೊದಲು ಓಣಿಯ ನಾಲ್ಕು ಬಾಗಿಲಲ್ಲಿ ವಿಚಾರಿಸುತ್ತಾರೆ. ಪಕ್ಕದ ಮನೆಯ ಮಲಕಮ್ಮ ಬಾಯಿ ತುಂಬ ಉತ್ತರ ಕೊಟ್ಟಿದ್ದಳು.

"ನಿಮಗ ಎಲ್ಲಾರೂ ಶೋಕಿಲಾಲ ಅಂತಾರಂತಲ್ರಿ? ಕುಡಿಯೋದು, ಇಸ್ಪೀಟು, ಏನಾರ..." ಎಂದರು ಜಗದೇವಪ್ಪನವರು, ನಮ್ಮ ಮನೆಯ ಚಹಾ ಹೀರುತ್ತ.

ಹುಡುಗ ಸುನಿತಾಳಿಗೆ ಬಹಳ ಮೆಚ್ಚಿಗೆಯಾಗಿದ್ದ. ಪದದ ಮೂಲವನ್ನೇ ಬಿಡಿಸಿ ಹೇಳಿ ಕಳಂಕ ತೊಳೆದುಕೊಳ್ಳೋಣ ಎಂದುಕೊಂಡೆ. ಮೂವತ್ತು ವರ್ಷ ಕನ್ನಡ ಮಾಸ್ತರನಾಗಿದ್ದವನಿಗೆ ಬೇರೆ ಆಯುಧ ಎಲ್ಲಿಂದ ಬರಬೇಕು?

"ಶೋಕಿ ಅಂಬೋದು ಅರಬಿ ಮಾತ್ರಿ. ಶೌಕ್ ಅಂದ್ರ ಆಸಿ, ಹಂಬಲ. ಪಾರ್ಸಿ, ಉರ್ದು ದಾಟಿ ನಮ್ಮ ಕಡಿ ಬಂದದ. ಲಾಲ ಅಂದ್ರ ಮುದ್ದಿನ ಮಗ. ಖರೇ ಶೋಕಿಲಾಲ ಆಗಬೇಕಂದ್ರ ಮನ್ಯಾಗ ಆಸ್ತಿ ಇರಬೇಕ್ರಿ, ಅತ್ತರು ಬೇಕು, ಹಾಡಿನ ಮೆಹಫಿಲ್ ಬೇಕು. ಹಿಂದಕ ನಿಮ್ಮ ಸುರಪುರದ ಕಡಿ ಒಬ್ಬ ಇದ್ದನಂತ. ಹೆಂಡ್ತಿ ಜ್ವಾಳ ಇಲ್ಲ ಅಂದ್ರ ಪಾರಿವಾಳಕ್ಕ ಬಾದಾಮಿ ತರತಿದ್ದನಂತ! ಎಂಬತ್ತು ಎಕರೆ ಹೊಲ ಹಾರಿಸಿಬಿಟ್ಟ. ಅಂಥಾ ಮುಠ್ಠಾಳಗ ಶೋಕಿಲಾಲ ಅಂತಾರ್ರಿ. ನಾನು ಪೆನ್ಶನ್ ಮಾಸ್ತರ!"

ಜಗದೇವಪ್ಪನವರು ಕಪ್ಪು ಕೆಳಗಿಟ್ಟರು. "ಅವರು ನಮ್ಮ ಮುತ್ಯಾ. ನಮ್ಮಪ್ಪನ ಅಪ್ಪ."

ಟವೆಲ್ಲು ಹೆಗಲಿಗೇರಿಸಿ ಎದ್ದೇಬಿಟ್ಟರು. ಬಸವೇಶ್ವರಿ ಬಾಗಿಲಿಗೆ ಅಡ್ಡ ನಿಂತಳು.

"ಕುಂದರ್ರಿ ಅಣ್ಣಾರ! ಇವರ ಮಾತಿಗೇನು ಕಿಮ್ಮತ್ತದ? ನಿಮ್ಮ ಮುತ್ಯಾರು ಎಂಬತ್ತು ಎಕರೆ ಇಟಗೊಂಡು ಶೋಕಿ ಮಾಡ್ಯಾರ. ಇವರು ಒಂದು ಗುಂಟಿ ಹೊಲ ಇಲ್ಲದ ಮಾಡಾಕತ್ತಾರ! ರೀ, ಹೇಳ್ರಿ, ನೀವು ಯಾರು?"

ಒಳಬಾಗಿಲಲ್ಲಿ ಸುನಿತಾ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅರಬಿ, ಪಾರ್ಸಿ ಎಲ್ಲ ಬದಿಗಿಟ್ಟೆ.

"ಶೋಕಿಲಾಲ್ರಿ" ಎಂದೆ, ಕೈಮುಗಿದು.

"ಜೋರಾಗಿ ಹೇಳ್ರಿ, ಅವರಿಗಿ ಕೇಳಲಿ."

"ನಾನೇ ಶೋಕಿಲಾಲ್ರಿ!"

ಜಗದೇವಪ್ಪನವರ ಮೀಸೆ ಅದುರಿತು. ನಗು ತಡೆಯಲಾಗದೆ ಮತ್ತೆ ಕುಳಿತರು. ಅಲ್ಲೇ ಸಕ್ಕರೆ ಹಂಚಿ ಮಾತು ಪಕ್ಕಾ ಆಯಿತು.

ತಿಂಗಳೊಳಗೆ ಬೀಗರು ಲಗ್ನಪತ್ರಿಕೆ ಅಚ್ಚು ಹಾಕಿಸಿ ತಂದರು. ವಧುವಿನ ತಂದೆ: ಶ್ರೀ ವಿಶ್ವರಾಧ್ಯ (ಶೋಕಿಲಾಲ), ನಿವೃತ್ತ ಕನ್ನಡ ಶಿಕ್ಷಕರು. ನಾನು ಬಾಯಿ ತೆರೆಯುವ ಮೊದಲೇ ಸಮಾಧಾನ ಹೇಳಿದರು:

"ಹಂಗ ಹಾಕ್ಸಿಲ್ಲಂದ್ರ ಬಂದ ಮಂದಿಗಿ ಮನಿ ಯಾರು ತೋರಸ್ತಾರ್ರಿ, ಬೀಗರ?"